ತೂಬಿಲ್ಲದ ಕೆರೆ

ಮಾಸೂರು ಎಂದರೆ ಹಿರೇಕೆರೂರು ಸೀಮೆಯವರ ನೆನಪಿಗೆ ಬರುವುದು ಸರ್ವಜ್ಞ. ಅವನ ಬೆನ್ನಿಗೇ ಮದಗದ ಕೆರೆ. ಹುಂಚದ ಬಳಿ ಹುಟ್ಟುವ ಕುಮುದ್ವತಿ ಶಿಕಾರಿಪುರದ ಸೀಮೆ ದಾಟಿ, ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳಿ ಈ ಕಡೆಗೆ ಇಳಿಯುತ್ತದೆ. ಆ ಇಕ್ಕಟ್ಟಿಗೆ ವಿಜಯನಗರದ ಕಾಲದಲ್ಲಿ ಅಡ್ಡ ಹಾಕಿದ ಮಣ್ಣಿನ ಏರಿ ಸುಮಾರು ನೂರು ಅಡಿ ಎತ್ತರದ್ದು. ಅಣೆಕಟ್ಟುಗಳ ಚರಿತ್ರೆ ಬರೆದವರು ಅದನ್ನು ಆ ಕಾಲದ ಜಗತ್ತಿನ ಅತಿ ಎತ್ತರದ ಮಣ್ಣಿನ ಕಟ್ಟೆಗಳ ಸಾಲಿಗೆ ಸೇರಿಸುತ್ತಾರೆ. ಆ ಮಹಾಕೆರೆ ಎಂದೋ ಒಡೆಯಿತು. ಇಂದು ಅಲ್ಲಿ ನಿಲ್ಲುವ ನೀರು ಹಳೆಯದರ ಒಂದು ಪಾಲು ಮಾತ್ರ. ಈ ಕೆರೆಯನ್ನು ಕುರಿತ ಬರಹಗಳು ಏರಿಯ ದಪ್ಪವನ್ನು, ತೂಬಿನ ಕಲ್ಲುಗಳ ಗಾತ್ರವನ್ನು, ನೀರುಂಡ ಗದ್ದೆಗಳನ್ನು ಶ್ರದ್ಧೆಯಿಂದ ಲೆಕ್ಕ ಹಾಕುತ್ತವೆ. ದನಕರು ಕುಡಿದ ನೀರು ಮಾತ್ರ ಯಾರ ಲೆಕ್ಕಕ್ಕೂ ಬಂದಿಲ್ಲ. ಕೆರೆಯ ಚರಿತ್ರೆಯನ್ನು ಅಚ್ಚುಕಟ್ಟಿನ ಕಡೆಯಿಂದಷ್ಟೇ ಓದಿದ್ದರಿಂದ ಅದರ ಅರ್ಧ ಭಾಗ ನಮ್ಮ ಕೈತಪ್ಪಿದೆ ಎಂಬುದು ನನ್ನ ವಾದ. ಉಳಿದ ಅರ್ಧವನ್ನು ಜಾನುವಾರಿನ ಬಾಯಾರಿಕೆಯ ಕಡೆಯಿಂದ ಓದಬೇಕು, ಓದನ್ನು ಚಳಿಗಾಲದಿಂದ ಶುರು ಮಾಡಬೇಕು.

ಚಳಿಗಾಲವೇ ಏಕೆ? ಬಾಯಾರಿಕೆ ಬೇಸಿಗೆಯದು, ತಂಪಿನಲ್ಲಿ ದನ ಕಡಿಮೆ ಕುಡಿಯುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಮಳೆಗಾಲದ ಹಸಿಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಮೇಯುವ ದನ ಮೇಯುತ್ತಲೇ ಕುಡಿದಿರುತ್ತದೆ. ದೀಪಾವಳಿಯಲ್ಲಿ ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಬೆದರಿಸುವ ಹೊತ್ತಿಗೆ ಗುಡ್ಡದ ಹುಲ್ಲು ಹಳದಿಗೆ ತಿರುಗಿರುತ್ತದೆ. ಅಲ್ಲಿಂದ ಮುಂದೆ ಗೋದಲಿಗೆ ಬೀಳುವುದು ಭತ್ತದ ಹುಲ್ಲು, ಜೋಳದ ಕಣಿಕೆ, ಹೊಟ್ಟು. ಒಣ ಮೇವಿನಲ್ಲಿ ನೀರಿನ ಪಾಲು ಹತ್ತಕ್ಕೆ ಒಂದರಷ್ಟು. ಹುಲ್ಲು ಕೊಡುತ್ತಿದ್ದ ನೀರನ್ನು ಈಗ ಕೆರೆಯೇ ಕೊಡಬೇಕು. ಅದೇ ತಿಂಗಳುಗಳಲ್ಲಿ ಎತ್ತಿಗೆ ಕಣದಲ್ಲಿ ಹಂತಿ, ಗಾಣದಲ್ಲಿ ಕಬ್ಬು, ದಾರಿಯಲ್ಲಿ ಹೇರು. ನೀರು ತಪ್ಪಿದರೆ ದನ ಮೇವನ್ನೂ ಬಿಡುತ್ತದೆ. ಹೊಟ್ಟೆಯಲ್ಲಿ ಒಣ ಹುಲ್ಲು ನೆನೆಯದೆ ಮೆಲುಕು ನಿಲ್ಲುತ್ತದೆ. ದನಕ್ಕೆ ಬೇಕಾದ ಈ ನೀರನ್ನು ಮಳೆ ನಿಂತ ಮೇಲಿನ ಗದ್ದೆಯ ಬೆಳೆ ಕಸಿಯುತ್ತದೆ. ಕಾರ್ತಿಕದಲ್ಲಿ ತೂಬು ಎಷ್ಟು ಎತ್ತಿದರು ಎಂಬುದರ ಮೇಲೆಯೇ ವೈಶಾಖದಲ್ಲಿ ದನಕ್ಕೆ ಎಷ್ಟು ಉಳಿಯಿತು ಎಂಬುದು ನಿಂತಿದೆ.

ಹಳಬರು ಇದನ್ನು ಬಲ್ಲವರಾಗಿದ್ದರು ಎಂಬುದಕ್ಕೆ ದೊಡ್ಡ ಸಾಕ್ಷಿ ಗೋಕಟ್ಟೆ. ಕೆರೆಗೆ ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲ ಇರುತ್ತವೆ. ಗೋಕಟ್ಟೆಗೆ ತೂಬಿಲ್ಲ, ಅಚ್ಚುಕಟ್ಟಿಲ್ಲ. ತಗ್ಗು ನೋಡಿ ಮಣ್ಣು ತೆಗೆದು, ತೆಗೆದ ಮಣ್ಣನ್ನು ಇಳುಕಲಿನ ಬದಿಗೆ ಒಡ್ಡಾಗಿ ಹಾಕಿ, ನೀರು ಬರುವ ಬದಿಯನ್ನು ದನ ಕಾಲೂರಿ ಇಳಿಯುವಂತೆ ಓರೆಯಾಗಿ ಬಿಟ್ಟಿರುತ್ತಾರೆ. ನೀರು ತಗ್ಗಿದಂತೆಲ್ಲ ದನ ಇನ್ನಷ್ಟು ಕೆಳಗಿಳಿದು ಕುಡಿಯುತ್ತದೆ. ಹಗ್ಗ, ಕೊಡ, ಆಳು ಯಾವುದೂ ಬೇಡ. ಹನಿ ನೀರನ್ನೂ ಹೊಲಕ್ಕೆ ಹರಿಸಲಾಗದ ಇಂಥ ರಚನೆಯನ್ನು ನೀರಾವರಿ ಎಂದು ಕರೆಯಲು ಬರುವುದಿಲ್ಲ. ಎರಡನೆಯ ಸಾಕ್ಷಿ ಕಣಿವೆಯ ಆಚೆಗಿನ ಮೈಸೂರು ಸಂಸ್ಥಾನದ್ದು. ಚಿಕ್ಕದೇವರಾಜರ ಬೆಣ್ಣೆಚಾವಡಿಯಾಗಿ ಇದ್ದು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದ ದನದ ಇಲಾಖೆ ತನ್ನ ಕಾವಲುಗಳನ್ನು ಋತುಮಾನಕ್ಕೆ ತಕ್ಕಂತೆ ವಿಂಗಡಿಸಿಕೊಂಡಿತ್ತು: ಮಳೆಗಾಲದವು, ಚಳಿಗಾಲದವು, ಬೇಸಿಗೆಯವು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುವಂತೆ ಬೇಸಿಗೆಯ ಕಾವಲುಗಳು ಬಹುಮಟ್ಟಿಗೆ ಒರತೆಯಿದ್ದ ಕೆರೆಯಂಗಳಗಳು. ಚಳಿಗಾಲದ ಕಾವಲುಗಳು ಆ ಋತುವಿನಲ್ಲಿ ಹುಲ್ಲು ನೀರು ಇದ್ದು ಬಿಸಿಲಿಗೆ ಒಣಗುವಂಥವು. ಅಂದರೆ ನೀರು ಆರುವ ಜಾಗವನ್ನು ಮೊದಲು ಮೇಯಿಸಿ, ಆರದ ಜಾಗವನ್ನು ಕೊನೆಗೆ ಕಾಯ್ದಿಡುವುದು. ಇದು ದನದ ನೀರಿಗೇ ಮಾಡಿದ ಯೋಜನೆ.

ಈ ವಾದಕ್ಕೆ ಗಟ್ಟಿ ಆಕ್ಷೇಪಗಳಿವೆ. ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಎಣಿಸುತ್ತದೆ; ಅದರಲ್ಲಿ ದನ ಇಳಿಯುವ ದಾರಿಯ ಪ್ರಸ್ತಾಪವಿಲ್ಲ. ವಿಜಯನಗರದವರ ಮನಸ್ಸಿನಲ್ಲಿ ಜಾನುವಾರು ಇರಲೇ ಇಲ್ಲ ಎನ್ನಬಹುದೇ? ಆ ಪಟ್ಟಿ ಕಟ್ಟುವವನಿಗೆ ಬರೆದದ್ದು: ಗಟ್ಟಿ ನೆಲ, ಸಿಹಿನೀರಿನ ಹೊಳೆ, ಕಲ್ಲಿನ ಗಣಿ, ಕೆಲಸಗಾರರ ತಂಡ. ಶಾಸನ ಹುಟ್ಟುವುದು ದಾನವೋ ತೆರಿಗೆಯೋ ಇದ್ದಲ್ಲಿ. ಕಂದಾಯ ಬಾರದ, ಊರವರೇ ಅಗೆದ ಗೋಕಟ್ಟೆಗೆ ಯಾರು ಕಲ್ಲು ಕೆತ್ತಿಸುತ್ತಾರೆ? ಕಲ್ಲಿನ ಮೌನವನ್ನು ನೆಲದ ಮೇಲಿನ ತಗ್ಗಿಗಿಂತ ದೊಡ್ಡ ಸಾಕ್ಷಿಯಾಗಿ ನಾನು ಒಪ್ಪಲಾರೆ. ಇನ್ನೊಂದು ಆಕ್ಷೇಪ: ತೂಬು ಬತ್ತಿದ ಮೇಲೂ ಕೆರೆಯ ತಳದಲ್ಲಿ ನಿಲ್ಲುವ ನೀರು ದನಕ್ಕೆಂದು ಬಿಟ್ಟದ್ದಲ್ಲ, ಹೂಳು ತುಂಬದಿರಲೆಂದು, ಹೊಲದ ಮಟ್ಟಕ್ಕೆ ಹರಿಯಲೆಂದು ತೂಬನ್ನು ಎತ್ತರದಲ್ಲಿ ಇಟ್ಟದ್ದರ ಫಲ ಅದು. ಇದು ಸರಿಯಾದ ಮಾತು. ಏರಿಯ ರಚನೆಯಿಂದ ಉದ್ದೇಶವನ್ನು ಊಹಿಸುವಾಗ ಈ ಎಚ್ಚರ ಬೇಕು. ಆದರೆ ಆ ತಳದ ನೀರಿಗೆ ಬರುವವರು ಗದ್ದೆಯ ಒಡೆಯರಷ್ಟೇ ಅಲ್ಲ. ಅಚ್ಚುಕಟ್ಟಿನಲ್ಲಿ ಒಂದು ಗೇಣು ನೆಲವಿಲ್ಲದ ದನಗಾಹಿ, ಹಿಂಡು ಹೊಡೆದುಕೊಂಡು ಬರುವ ಕುರುಬ, ಬೆದ್ದಲು ಹೊಲದ ಒಂಟಿ ಜೋಡೆತ್ತಿನ ರೈತ, ಇವರಿಗೆಲ್ಲ ಕೆರೆಯಲ್ಲಿದ್ದ ಪಾಲು ಅದೊಂದೇ.

ಆ ಪಾಲು ಕಾಗದದ ಮೇಲಿಂದ ಜಾರಿದ್ದು ಬ್ರಿಟಿಷರ ಕಾಲದಲ್ಲಿ. 1818ರ ನಂತರ ಧಾರವಾಡ ಸೀಮೆ ಮುಂಬಯಿ ಆಡಳಿತಕ್ಕೆ ಸೇರಿತು; 1840ರ ದಶಕದಲ್ಲಿ ವಿಂಗೇಟ್ ನಡೆಸಿದ ಸರ್ವೆ ನೆಲವನ್ನು ಬೆದ್ದಲು, ಗದ್ದೆ, ತೋಟ ಎಂದು ವಿಂಗಡಿಸಿ ದರ ಕಟ್ಟಿತು. ಕೆರೆಯ ಬೆಲೆ ಅದು ತರುವ ಕಂದಾಯವಾಯಿತು. ಅದೇ ಕಣ್ಣಳತೆ ಈಗಲೂ ಇದೆ: 40 ಹೆಕ್ಟೇರಿಗೆ ಮೀರಿದ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯಿತಿಗೆ. ಅಚ್ಚುಕಟ್ಟು ಸೊನ್ನೆಯಾದ ಗೋಕಟ್ಟೆ ಈ ಅಳತೆಗೋಲಿಗೆ ಸಿಗುವುದೇ ಇಲ್ಲ. 2014ರಲ್ಲಿ ಬಂದ ಕೃಷಿಭಾಗ್ಯದ ಹೊಂಡಗಳು ರೈತನಿಗೆ ಆಸರೆಯಾದವು, ನಿಜ. ಆದರೆ ಕಡಿದಾದ ಬದಿ, ಜಾರುವ ಪ್ಲಾಸ್ಟಿಕ್ ಹೊದಿಕೆ, ಸುತ್ತ ತಂತಿಬೇಲಿ ಇರುವ ಹೊಂಡಕ್ಕೆ ದನ ಇಳಿಯುವಂತಿಲ್ಲ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆಂದು ಒಂದೊಂದಾಗಿ ಕಟ್ಟೆ ಅಗೆಸಿದಾಗ ದೇಶವೇ ಬೆರಗಾಯಿತು; ಒಂದು ಕಾಲಕ್ಕೆ ಅದು ಪ್ರತಿ ಊರಿನ ಮಾಮೂಲಿ ಕೆಲಸವಾಗಿತ್ತು. ಈಗ ಉದ್ಯೋಗ ಖಾತರಿಯಲ್ಲಿ ಗೋಕಟ್ಟೆಗೆ ಮತ್ತೆ ಜಾಗ ಸಿಕ್ಕಿದೆ. ಮದಗದ ಕೆಳಗಿನ ಹಳ್ಳಿಗಳ ಪಂಚಾಯಿತಿಗಳು ಕಾಮಗಾರಿಯ ಉದ್ದಗಲದ ಜೊತೆಗೆ ಇನ್ನೆರಡು ಸಂಗತಿ ಬರೆದಿಟ್ಟರೆ ಸಾಕು: ದನ ಇಳಿಯುವ ಬದಿ ಯಾವುದು, ಸಂಕ್ರಾಂತಿಯ ದಿನ ಕಟ್ಟೆಯಲ್ಲಿ ಎಷ್ಟು ಅಡಿ ನೀರಿತ್ತು.