ವಿಜಾಪುರದ ಹೊಗೆಸೊಪ್ಪೂ ಅಕ್ಬರನ ವೈದ್ಯನೂ

ಹೊಗೆಸೊಪ್ಪು ನಮ್ಮ ನಾಡಿನಲ್ಲಿ ಅನಾದಿಯಿಂದಲೂ ಇರುವ ವಸ್ತುವೆಂದು ತಿಳಿದವರು ಈಗಲೂ ಉಂಟು. ಎಲೆಯಡಿಕೆಯ ಸಂಚಿಯಲ್ಲಿ ಅದು ಅಷ್ಟು ನಿಶ್ಚಿಂತೆಯಾಗಿ ಸೇರಿಕೊಂಡಿದೆ. ಪಂಡಿತರ ನಶ್ಯದ ಡಬ್ಬಿಯನ್ನಂತೂ ಶಾಸ್ತ್ರಗ್ರಂಥಗಳ ಪರಿವಾರದಲ್ಲಿಯೇ ಎಣಿಸಬೇಕಾಗಿತ್ತು. ಆದರೆ ಚರಕ ಸುಶ್ರುತರು ಈ ಗಿಡವನ್ನು ಕಂಡವರಲ್ಲ. ಅವರು ವಿಧಿಸಿದ ಧೂಮಪಾನವು ಬೇರೆ ಮೂಲಿಕೆಗಳದು. ಅಮೇರಿಕಾ ಖಂಡದ ಈ ಸಸ್ಯವನ್ನು ಪೋರ್ತುಗೀಜರು ನಮ್ಮ ಪಶ್ಚಿಮ ಕರಾವಳಿಗೆ ತಂದರು; ಅಲ್ಲಿಂದ ಅದು ಘಟ್ಟವನ್ನೇರಿ ದಖ್ಖಣಕ್ಕೆ ಬಂದಿತು. ಮೊಗಲರ ಆಸ್ಥಾನಕ್ಕೆ ಅದು ಹೋದುದಾದರೋ ನಮ್ಮ ವಿಜಾಪುರದಿಂದ. ಒಯ್ದವನೇ ಆ ವೃತ್ತಾಂತವನ್ನು ಪಾರಸಿಯಲ್ಲಿ ಬರೆದಿಟ್ಟಿರುವನು.

ಅವನ ಹೆಸರು ಅಸದ್ ಬೇಗ್. ಎರಡನೆಯ ಇಬ್ರಾಹೀಮ್ ಆದಿಲಶಾಹನ ಬಳಿಗೆ ಅಕ್ಬರನು ಕಳುಹಿಸಿದ ರಾಯಭಾರಿ. ವಿಜಾಪುರದಲ್ಲಿ ಅವನು ಹೊಗೆಸೊಪ್ಪನ್ನು ಕಂಡು, ಇಂಥದನ್ನು ಹಿಂದುಸ್ಥಾನದಲ್ಲಿ ಬೇರೆಲ್ಲಿಯೂ ನೋಡಿರಲಿಲ್ಲವಾದುದರಿಂದ, ಸ್ವಲ್ಪವನ್ನು ಸಂಗಡ ತೆಗೆದುಕೊಂಡನು. ಬರಿಯ ಸೊಪ್ಪನ್ನು ಬಾದಶಹನ ಮುಂದಿಡುವುದು ಹೇಗೆ? ಮೂರು ಮೊಳದ ಕೊಳವೆಗೆ ರತ್ನಗಳನ್ನು ಕೆತ್ತಿಸಿ, ಬಾಯಿಗಿಡುವ ತುದಿಗೆ ಯೆಮನ್ ದೇಶದ ಕೆಂಪು ಕಲ್ಲನ್ನು ಜೋಡಿಸಿ, ಬೆಂಕಿಗೆ ಬಂಗಾರದ ಪಾತ್ರೆಯನ್ನಿರಿಸಿದನು. ಆದಿಲಶಾಹನು ಕೊಟ್ಟಿದ್ದ ಸೊಗಸಾದ ಎಲೆಯಡಿಕೆಯ ಚೀಲದಲ್ಲಿ ಸೊಪ್ಪನ್ನು ತುಂಬಿ, ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಅಣಿಗೊಳಿಸಿದನು. ಇದು ಅಕ್ಬರನ ಕೊನೆಗಾಲದ ಮಾತು; 1605ರಲ್ಲಿ ಅವನು ತೀರಿಕೊಂಡನು.

ತಟ್ಟೆಯು ಬಾದಶಹನ ಕಣ್ಣಿಗೆ ಬಿದ್ದಿತು. ಇದೇನೆಂದು ಕೇಳಲು, ಮಕ್ಕಾ ಮದೀನಗಳಲ್ಲಿ ಪ್ರಸಿದ್ಧವಾದ ತಂಬಾಕು, ತಮಗೆ ಔಷಧವೆಂದು ತಂದಿದ್ದಾರೆ ಎಂದು ಸರದಾರನಾದ ಖಾನ್-ಇ-ಆಜಮನು ಬಿನ್ನವಿಸಿದನು. ಅಕ್ಬರನು ಕೊಳವೆಯನ್ನು ಎತ್ತಿಕೊಳ್ಳುತ್ತಿರುವಂತೆಯೇ ಆಸ್ಥಾನದ ವೈದ್ಯನು ಅಡ್ಡಬಂದನು. ತಂದವನ ಮನಸ್ಸನ್ನು ನೋಯಿಸಬಾರದೆಂದು ಬಾದಶಹನು ಎರಡು ಮೂರು ಸಾರಿ ಹೊಗೆಯೆಳೆದನು. ಅಷ್ಟಕ್ಕೇ ವೈದ್ಯನು ಚಡಪಡಿಸಿದನು. ಆಮೇಲೆ ನಡೆದ ವಾದವು ಬಹು ರಸವತ್ತಾದುದು. ನಮ್ಮ ಗ್ರಂಥಗಳಲ್ಲಿ ಇದರ ಮಾತೇ ಇಲ್ಲ, ಪರೀಕ್ಷೆಯಾಗದ ವಸ್ತುವಿನ ಗುಣವನ್ನು ಹೇಗೆ ಹೇಳಲಿ ಎಂದು ವೈದ್ಯನು. ಯುರೋಪಿನವರಲ್ಲಿಯೂ ಜ್ಞಾನಿಗಳುಂಟು, ಲೋಕದ ಪ್ರತಿಯೊಂದು ರೂಢಿಯೂ ಒಮ್ಮೆ ಹೊಸದಾಗಿಯೇ ಇದ್ದಿತು, ಪರೀಕ್ಷಿಸದೆ ತಳ್ಳಿಬಿಡುವುದು ಸರಿಯೇ ಎಂದು ಅಸದ್ ಬೇಗನು. ಅಕ್ಬರನು ರಾಯಭಾರಿಯನ್ನೇ ಮೆಚ್ಚಿದನು. ನಮ್ಮ ಪುಸ್ತಕಗಳಲ್ಲಿ ಇಲ್ಲವೆಂಬ ಒಂದೇ ಕಾರಣಕ್ಕೆ ಪರರಾಷ್ಟ್ರದ ಬಲ್ಲವರು ಒಪ್ಪಿದ್ದನ್ನು ಬಿಟ್ಟುಬಿಟ್ಟರೆ ನಾವು ಮುಂದುವರಿಯುವ ಬಗೆ ಹೇಗೆ ಎಂಬುದು ಅವನ ಅಭಿಪ್ರಾಯ. ಹೀಗಿದ್ದೂ ಅವನು ಸೇದುವ ಚಾಳಿಗೆ ಬೀಳಲಿಲ್ಲ, ಬಿದ್ದವರು ಸರದಾರರು. ಅಸದ್ ಬೇಗನು ಕೆಲವರಿಗೆ ಹಂಚಿದನು, ಮಿಕ್ಕವರು ಬೇಡಿದರು, ವರ್ತಕರು ಮಾರತೊಡಗಿದರು.

ಈ ಪ್ರಸಂಗವನ್ನು ಓದುವಾಗ ನಮ್ಮ ಮನಸ್ಸು ಅಕ್ಬರನ ಕಡೆಗೆ ವಾಲುವುದು ಸಹಜ. ಅವನ ತರ್ಕದಲ್ಲಿ ದೋಷವಿಲ್ಲ. ವೈದ್ಯನದು ಗ್ರಂಥಪ್ರಾಮಾಣ್ಯದ ಹಟವೆಂದೇ ತೋರುವುದು. ಆದರೂ ಪ್ರಾಣಕ್ಕೆ ಹಿತವಾದ ಮಾತನ್ನಾಡಿದವನು ಆ ವೈದ್ಯನೇ. ಎರಡು ಮೂರು ಗುಟುಕು ಎಳೆದು ನೋಡಿದರೆ ಪರೀಕ್ಷೆಯಾಯಿತೆಂದು ಇಬ್ಬರಲ್ಲೊಬ್ಬರೂ ಕೇಳದೆ ಒಪ್ಪಿಕೊಂಡಂತಿದೆ. ಈ ವಿಷವು ಹಾಗೆ ತನ್ನನ್ನು ತೋರಿಸಿಕೊಳ್ಳುವಂಥದಲ್ಲ. ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದು ಆಮೇಲೆ ಲೆಕ್ಕ ಕೇಳುವುದು.

ದೊರೆಗಳ ನಿಷೇಧಗಳು ಬೇಕಾದಷ್ಟು ಆದವು. 1604ರಲ್ಲಿ ಇಂಗ್ಲೆಂಡಿನ ಒಂದನೆಯ ಜೇಮ್ಸನು ಹೊಗೆಸೊಪ್ಪನ್ನು ಹಳಿದು ಪುಸ್ತಕವನ್ನೇ ಬರೆದನು. ಸುಂಕವನ್ನು ಮಾತ್ರ ಬಿಡಲಿಲ್ಲ. ಜಹಾಂಗೀರನು 1617ರಲ್ಲಿ ನಿಷೇಧಿಸಿದನು. ಇರಾನಿನ ಶಾಹ ಅಬ್ಬಾಸನೂ ನಿಷೇಧಿಸಿದ್ದನು. ಆ ಶಾಹನ ಬಳಿಗೆ ಜಹಾಂಗೀರನು ಕಳುಹಿಸಿದ ರಾಯಭಾರಿಯೇ ಕ್ಷಣವೂ ಹೊಗೆಯನ್ನು ಬಿಟ್ಟಿರಲಾರದವನಾಗಿದ್ದನು! ನಿಷೇಧದ ಕಥೆ ಇಷ್ಟೇ.

ಬಿಡಲಾಗದೆಂಬುದರ ಮರ್ಮವು 1828ರಲ್ಲಿ ಹೈಡಲ್‌ಬರ್ಗಿನಲ್ಲಿ ಹೊರಬಿದ್ದಿತು. ಪಾಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ಸೊಪ್ಪಿನಿಂದ ನಿಕೋಟಿನನ್ನು ಬೇರ್ಪಡಿಸಿದರು. ಎಳೆದ ಹೊಗೆಯಿಂದ ಅದು ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುವುದು. ಕಟ್ಟಿಹಾಕುವುದು ನಿಕೋಟಿನ್, ಕೊಲ್ಲುವುದು ಬಹುಮಟ್ಟಿಗೆ ಅದರೊಡನೆ ಬರುವ ಟಾರು, ಕಾರ್ಬನ್ ಮೊನಾಕ್ಸೈಡು ಮೊದಲಾದವು. 1880ರ ಸುಮಾರಿಗೆ ಅಮೇರಿಕದ ಬಾನ್ಸಾಕನು ಸಿಗರೇಟು ಸುತ್ತುವ ಯಂತ್ರವನ್ನು ನಿರ್ಮಿಸಿದ ಮೇಲೆ ಸಿಗರೇಟು ಅಗ್ಗವಾಗಿ, ಹೊಗೆಯು ಬಾಯಿಂದ ಶ್ವಾಸಕೋಶಕ್ಕಿಳಿಯಿತು.

ಅಕ್ಬರನ ಸಭೆಯಲ್ಲಿ ಬಾಕಿಯುಳಿದ ಪರೀಕ್ಷೆಯು ನಡೆದುದು ಲಂಡನ್ನಿನಲ್ಲಿ. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬವರು 1950ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಶ್ವಾಸಕೋಶದ ಕ್ಯಾನ್ಸರಿನ 649 ಮಂದಿ ಗಂಡಸರಲ್ಲಿ ಹೊಗೆ ಸೇದದವರು ಇಬ್ಬರೇ. ಬೇರೆ ಕಾಯಿಲೆಯ ಅಷ್ಟೇ ಮಂದಿಯಲ್ಲಿ 27. ಸೇದುತ್ತಿದ್ದ ಡಾಲನು ಈ ಕೆಲಸದ ನಡುವೆಯೇ ಸೇದುವುದನ್ನು ಬಿಟ್ಟನು. ಮರುವರ್ಷ ಅವರು ಬ್ರಿಟನ್ನಿನ ವೈದ್ಯರಿಗೇ ಪತ್ರ ಬರೆದು ಅವರ ಅಭ್ಯಾಸವನ್ನು ಕೇಳಿ, 34,439 ಮಂದಿ ಗಂಡಸರನ್ನು ಐವತ್ತು ವರ್ಷ ಗಮನಿಸುತ್ತ ಬಂದರು. 2004ರಲ್ಲಿ ಮುಗಿದ ಲೆಕ್ಕವು ಹೇಳುವುದೇನೆಂದರೆ, ಸೇದುತ್ತಲೇ ಉಳಿದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಸತ್ತರು. ಹೃದ್ರೋಗ, ಪಾರ್ಶ್ವವಾಯು, ಬಿಡದ ಕೆಮ್ಮುದಮ್ಮುಗಳೂ ಇದರಲ್ಲಿ ಸೇರಿವೆ.

ಆದರೆ ಆ ಲೆಕ್ಕದ ಮತ್ತೊಂದು ಭಾಗವನ್ನು ನಮ್ಮ ಮನೆಗಳಲ್ಲಿ ಯಾರೂ ಅಷ್ಟಾಗಿ ಆಡುವುದಿಲ್ಲ. ಅರುವತ್ತರಲ್ಲಿ ಬಿಟ್ಟವರಿಗೆ ಸುಮಾರು ಮೂರು ವರ್ಷ, ಐವತ್ತರಲ್ಲಿ ಆರು, ನಾಲ್ವತ್ತರಲ್ಲಿ ಒಂಬತ್ತು, ಮೂವತ್ತರಲ್ಲಿ ಬಿಟ್ಟವರಿಗೆ ಹತ್ತು ವರ್ಷ ಆಯುಸ್ಸು ಮರಳಿತು. ಇನ್ನೇನು ಬಿಟ್ಟು ಫಲವೆಂದು ನಿಟ್ಟುಸಿರಿಡುವ ಹಿರಿಯರು ಈ ಮೊದಲನೆಯ ಅಂಕಿಯನ್ನು ಗಮನಿಸಬೇಕು.

ಸಿಗರೇಟನ್ನು ಬಿಟ್ಟು ಬೀಡಿಗಾಗಲಿ ಗುಡುಗುಡಿಗಾಗಲಿ ಇಳಿಯುವುದು ಬಿಟ್ಟಂತಲ್ಲ. ನೀರು ಹೊಗೆಯನ್ನು ತಣಿಸುವುದೇ ಹೊರತು ತೊಳೆಯಲಾರದು. ಅಗಿಯುವ ಸೊಪ್ಪು ಬಾಯಿಯ ಕ್ಯಾನ್ಸರಿಗೆ ದಾರಿ. ಬಿಡುವವರು ಒಂದು ದಿನವನ್ನು ಗೊತ್ತುಮಾಡಿ, ಮನೆಯವರಿಗೆ ತಿಳಿಸಿ, ಕಡ್ಡಿಪೆಟ್ಟಿಗೆ ಸಮೇತ ಎಲ್ಲವನ್ನೂ ಹೊರಹಾಕುವುದು ಒಳ್ಳೆಯದು. ಮೊದಲ ವಾರ ಸಿಡುಕು, ನಿದ್ರೆಗೇಡು, ಚಿತ್ತಚಾಂಚಲ್ಯ ಹೆಚ್ಚು. ಕೆಲವು ವಾರಗಳಲ್ಲಿ ಇಳಿಯುತ್ತವೆ. ಆಸೆಯ ಒಂದೊಂದು ಅಲೆಯೂ ಕೆಲವು ನಿಮಿಷಗಳದು. ಅಷ್ಟು ಹೊತ್ತು ನೀರು ಕುಡಿದೋ ಅಂಗಳದಲ್ಲಿ ನಡೆದಾಡಿಯೋ ಕಳೆದರೆ ಸಾಕು. ಕಾಫಿಯೊಡನೆ ಸೇದುವವರು ಕಾಫಿಯ ವೇಳೆಯನ್ನೂ ಜಾಗವನ್ನೂ ಬದಲಿಸಿ ನೋಡಬಹುದು. ಮನೋಬಲವೊಂದನ್ನೇ ನಂಬಬೇಕಾಗಿಲ್ಲ, ವೈದ್ಯರ ಸಲಹೆಯಿಂದ ನಿಕೋಟಿನ್ ಗಮ್ ಮೊದಲಾದ ಔಷಧಗಳು ದೊರೆಯುತ್ತವೆ. ಒಮ್ಮೆ ಬಿಟ್ಟು ಮತ್ತೆ ಹಿಡಿದವರು ಅನೇಕರು, ಹಿಡಿದು ಮತ್ತೆ ಬಿಟ್ಟವರೂ ಅನೇಕರು. ಎರಡನೆಯ ಸಲ, ಮೂರನೆಯ ಸಲ ದಿನವನ್ನು ಗೊತ್ತುಮಾಡುವುದಕ್ಕೆ ನಾಚಬೇಕಾದ ಕಾರಣವಿಲ್ಲ.