ರಾಯಚೂರಿನ ಮುತ್ತಿಗೆಯೂ ಕಂಪ್ಯೂಟರಿನ ಕಾಳಗವೂ

ನನ್ನ ಸೋದರಳಿಯನೊಬ್ಬನು ಬೆಂಗಳೂರಿನಲ್ಲಿ ಮೂವರು ಗೆಳೆಯರೊಡನೆ ಕೂಡಿ ವಿಡಿಯೋ ಆಟಗಳನ್ನು ತಯಾರಿಸುವ ಸಣ್ಣದೊಂದು ಕಾರಖಾನೆಯನ್ನು ನಡೆಸುತ್ತಾನೆ. ಕಾರಖಾನೆಯೆಂದರೆ ಬಾಡಿಗೆಯ ಒಂದು ಮಹಡಿ, ನಾಲ್ಕು ಕಂಪ್ಯೂಟರು, ಒಂದು ಚಹಾದ ಕೆಟಲು, ಅಷ್ಟೇ. ಕಳೆದ ಬೇಸಿಗೆಯಲ್ಲಿ ಅವನು ರಾಯಚೂರಿಗೆ ಬಂದಾಗ, ತಾವು ಈಗ ಚರಿತ್ರೆಯ ಯುದ್ಧತಂತ್ರದ ಆಟವೊಂದನ್ನು ಮಾಡಬೇಕೆಂದಿದ್ದೇವೆ, ಕೈಯಲ್ಲಿ ಒಂಬತ್ತು ತಿಂಗಳಿಗಾಗುವಷ್ಟು ಹಣವಿದೆ, ಅದು ಮುಗಿಯುವುದರೊಳಗೆ ಆಟ ಮುಗಿಯದಿದ್ದರೆ ಅಂಗಡಿಯ ಬಾಗಿಲು ಎಳೆಯಬೇಕಾಗುತ್ತದೆ ಎಂದು ಹೇಳಿದನು. ಆಟದ ವಿಸ್ತಾರವೇನೆಂದು ಕೇಳಿದೆ. 1336ರಿಂದ 1565ರ ವರೆಗೆ ಇಡಿಯ ದಕ್ಷಿಣ ಭಾರತ ಎಂದನು. ನಾನು ನಿವೃತ್ತನಾದ ಮೇಷ್ಟರು. ಎರಡು ನೂರಿಪ್ಪತ್ತೊಂಬತ್ತು ವರ್ಷಗಳ ಚರಿತ್ರೆಯನ್ನು ಒಂದು ಶಾಲಾ ವರ್ಷದಲ್ಲಿ ಮುಗಿಸುವ ಕಷ್ಟ ನನಗೆ ಗೊತ್ತು. ನಾಲ್ಕು ಜನ ಒಂಬತ್ತು ತಿಂಗಳಲ್ಲಿ ಮುಗಿಸುವರೆಂದರೆ ನಗು ಬಂತು.

ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಒಂದೆರಡು ಪ್ರಸಿದ್ಧ ಆಟಗಳನ್ನು ತೋರಿಸಿದನು. ಸ್ವೀಡನ್ನಿನವರು 2013ರಲ್ಲಿ ಹೊರತಂದ 'ಯೂರೋಪಾ ಯೂನಿವರ್ಸಾಲಿಸ್'ನ ನಾಲ್ಕನೆಯದರಲ್ಲಿ ಇಡೀ ಭೂಮಂಡಲವೇ ಇದೆ. 1444ನೆಯ ಇಸವಿಯ ವಿಜಯನಗರವೂ ಬಹಮನಿಯೂ ಅದರೊಳಗೆ ಬಣ್ಣದ ತೇಪೆಗಳಾಗಿ ಕುಳಿತಿವೆ. 'ಏಜ್ ಆಫ್ ಎಂಪೈರ್ಸ್'ನಲ್ಲಿ 2022ರಲ್ಲಿ ನಮ್ಮವರಿಗೂ ಸ್ಥಾನ ಸಿಕ್ಕಿತು, ಆದರೆ ದಕ್ಷಿಣದವರೆಲ್ಲರೂ 'ದ್ರಾವಿಡರು' ಎಂಬ ಒಂದೇ ಕೊಡೆಯಡಿಗೆ. ಹಣವಂತರ ಆಟಗಳು ಇವು. ನೂರಾರು ಜನ ಕೂತು ಮಾಡಿದ ಕೆಲಸ. ಆನೆಯ ಮೈಯ ಸುಕ್ಕೂ ಕಾಣಿಸುತ್ತದೆ. ನಾಲ್ಕು ಜನರ ಅಂಗಡಿಯು ಈ ಆನೆಯೊಡನೆ ಸೆಣಸಹೋದರೆ ಕಾಲಡಿಗೆ ಸಿಕ್ಕೀತು.

"ಹಂಗಾದ್ರ ಏನ್ ಮಾಡೋದು ಮಾಮಾ?" ಎಂದನು. ಮರುದಿನ ಬೆಳಗಿನ ತಂಪಿನಲ್ಲಿ ಅವನನ್ನು ಕೋಟೆಗೆ ಕರೆದೊಯ್ದೆ.

ನಮ್ಮೂರ ಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿವಾರು ಈ ಕೋಟೆಯನ್ನು ಕಟ್ಟಿಸಿದನೆಂಬ ಶಾಸನ ಅದರ ಮೇಲಿದೆ. ನೋಡಬಂದವರು ಕಲ್ಲಿನ ಉದ್ದಕ್ಕೆ ಬೆರಗಾಗಿ ಮುಂದೆ ಹೋಗುತ್ತಾರೆ. ಹತ್ತಿರದ ಗೋಡೆಯ ಮೇಲೆ ಆ ಕಲ್ಲನ್ನು ಸಾಗಿಸಿದ ಬಗೆಯನ್ನೇ ಯಾರೋ ಗೀರಿ ಚಿತ್ರಿಸಿದ್ದಾರೆ: ಗಟ್ಟಿಗಾಲಿಯ ಬಂಡಿ, ಅದಕ್ಕೆ ಹೂಡಿದ ಕೋಣಗಳ ಉದ್ದನೆಯ ಸಾಲು, ಹುರಿದುಂಬಿಸುವ ಆಳುಗಳು, ಹಿಂದಿನಿಂದ ಸನ್ನೆಗೋಲು ಹಾಕಿ ನೂಕುವವರು. ಏಳು ಶತಮಾನಗಳ ಹಿಂದಿನ ಆ ಅನಾಮಿಕನಿಗೆ ಕೋಟೆಯ ಒಡೆಯನಿಗಿಂತ ಬಂಡಿ ಎಳೆದವರ ಪಾಡೇ ಚಿತ್ರ ಬರೆಯತಕ್ಕ ಸಂಗತಿಯೆನಿಸಿತು. ಯುದ್ಧದ ಆಟ ಮಾಡುವವರು ಮೊದಲು ಇದನ್ನು ನೋಡಬೇಕು ಎಂದೆ. ಅವನು ಫೋಟೋ ತೆಗೆದುಕೊಂಡನು, ಮಾತಾಡಲಿಲ್ಲ.

ಅಲ್ಲಿಯೇ ಕುಳಿತು ಅವನಿಗೆ 1520ರ ಕಥೆಯನ್ನು ಹೇಳಿದೆ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಆದಿಲಶಾಹಿಗಳೂ ಬಡಿದಾಡಿದ ಲೆಕ್ಕವನ್ನು ಇಡುವುದು ಕಷ್ಟ. 1520ರ ಜಗಳಕ್ಕೆ ನೆಪವಾದದ್ದು ಕುದುರೆ. ಕೃಷ್ಣದೇವರಾಯನು ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಸಿದಿ ಮರ್ಕಾರನೆಂಬವನ ಕೈಯಲ್ಲಿ 40,000 ಪರದಾವುಗಳನ್ನು ಕೊಟ್ಟು ಕಳಿಸಿದನು. ಅವನು ಹಣ ಸಮೇತ ಆದಿಲಶಾಹನ ಆಶ್ರಯಕ್ಕೆ ಓಡಿದನು. ಹೀಗೆಂದು ಬರೆದವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಅವನ ಬರಹವನ್ನು ರಾಬರ್ಟ್ ಸೆವೆಲ್ಲರು 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ನೂನಿಜನು ಯುದ್ಧದ ಇಸವಿಯನ್ನು 1522 ಎಂದಿದ್ದರೂ, ಶನಿವಾರದ ಅಮಾವಾಸ್ಯೆಯೆಂಬ ಅವನ ಮಾತನ್ನೇ ಹಿಡಿದು ಸೆವೆಲ್ಲರು 1520ರ ಮೇ 19 ಎಂದು ಗೊತ್ತುಮಾಡಿದರು. ಶುಕ್ರವಾರ ಶುಭವಲ್ಲ, ಒಂದು ದಿನ ತಡೆಯಬೇಕು ಎಂದು ರಾಯನ ಕಡೆಯವರು ಬೇಡಿಕೊಂಡರಂತೆ.

ದಂಡಿನ ಲೆಕ್ಕವನ್ನೂ ನೂನಿಜನು ಕೊಡುತ್ತಾನೆ: 7,03,000 ಕಾಲಾಳು, 32,600 ಕುದುರೆ, 551 ಆನೆ. ನನ್ನ ಸೋದರಳಿಯನ ಕಣ್ಣು ಅರಳಿದವು. "ಅವರಿಗೆ ಊಟಕ್ಕೆ ಹಾಕುವವರಾರು?" ಎಂದೆ. ಒಬ್ಬೊಬ್ಬನಿಗೆ ದಿನಕ್ಕೆ ಅರ್ಧ ಕಿಲೋ ಜೋಳವೆಂದರೂ 350 ಟನ್ನು. ಹೇರೆತ್ತೊಂದಕ್ಕೆ ಒಂದು ಕ್ವಿಂಟಲಿನಂತೆ 3,500 ಹೇರೆತ್ತುಗಳು, ಅದೂ ದಿನಂಪ್ರತಿ. ಕುದುರೆಯ ಮೇವು ಬೇರೆ, ಆನೆಯ ಮೇವು ಬೇರೆ. ನೂನಿಜನ ಅಂಕಿಯಲ್ಲಿ ಒಂದು ಸೊನ್ನೆಯನ್ನು ಅಳಿಸಿದರೂ ಸಮಸ್ಯೆ ಸಣ್ಣದಾಗುವುದಿಲ್ಲ. ಅಂಕಿಗಳ ವಿಷಯದಲ್ಲಿ ಅವನನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಕಣ್ಣಿಗೆ ಬೀಳುವ ಸಣ್ಣ ಸಂಗತಿಗಳಲ್ಲಿ ಅವನು ಬಲು ಚುರುಕು. ದಾರಿಯುದ್ದಕ್ಕೂ ಹತ್ತು ಹನ್ನೆರಡು ಸಾವಿರ ಜನ ತೊಗಲ ತಿತ್ತಿ ಹೊತ್ತು, ನೀರು ತಂದುಕೊಡಲು ಗತಿಯಿಲ್ಲದ ಸಿಪಾಯಿಗಳು ಬಾಯಾರಿ ಸಾಯದಂತೆ ನೀರು ಕೊಡುತ್ತಿದ್ದರೆಂದು ಬರೆದಿದ್ದಾನೆ. ಮೊಣಕಾಲ ಮಟ್ಟಕ್ಕೂ ಬರದ ಒಂದು ಹೊಳೆಯನ್ನು ದಂಡಿನ ಅರ್ಧ ಭಾಗ ದಾಟುವುದರೊಳಗೆ ಅದು ಬತ್ತಿಹೋಗಿ, ಉಳಿದವರು ಮರಳಿನಲ್ಲಿ ಒರತೆ ತೋಡಬೇಕಾಯಿತಂತೆ. ಬೀಡಿನಲ್ಲಿ ಅಂಗಡಿಬೀದಿಗಳಿದ್ದವು, ಅಗಸರಿದ್ದರು, ರತ್ನ ಮಾರುವವರಿದ್ದರು. ನಾನು ನೋಡಿದ ಯಾವ ಆಟದಲ್ಲಿಯೂ ಅಗಸನನ್ನು ಕಾಣೆ.

ಮರುದಿನ ಬಾಡಿಗೆಯ ಕಾರಿನಲ್ಲಿ ಹೊರಟೆವು. ಊರಿನ ದಕ್ಷಿಣಕ್ಕೆ ಮಲಿಯಾಬಾದಿನ ಹಾಳುಕೋಟೆ. ರಾಯನು ಬೀಡುಬಿಟ್ಟದ್ದು ಇಲ್ಲಿಯೇ ಎನ್ನುತ್ತಾರೆ. ಅಲ್ಲಿಂದ ಗಬ್ಬೂರಿನ ಮೇಲೆ ದೇವದುರ್ಗ, ಆಮೇಲೆ ಕೃಷ್ಣೆಯ ದಡದ ಕೊಪ್ಪರ. ಮೇ ತಿಂಗಳ ಬಿಸಿಲು. ಬಂಡೆಗಳ ನಡುವೆ ಹೊಳೆ ಹರಿಯುತ್ತಿದ್ದುದು ಹೆಸರಿಗೆ ಮಾತ್ರ. ಸಂಜೆಗೆ ಮಾನವಿ. ಅಲ್ಲಿ ಅವನು ತನ್ನ ಆಟದ ನಕ್ಷೆಯನ್ನು ತೆಗೆದು ತೋರಿಸಿದನು. ಉಪಗ್ರಹದ ಚಿತ್ರವನ್ನು ಆಧಾರವಾಗಿಟ್ಟು ಮಾಡಿದ್ದು. ಮಾನವಿಯ ಸುತ್ತ ಹಚ್ಚಗೆ ಗದ್ದೆ. ನನಗೆ ತಡೆಯಲಾಗಲಿಲ್ಲ. ಈ ಹಸಿರು ತುಂಗಭದ್ರಾ ಎಡದಂಡೆ ಕಾಲುವೆಯದು, ಅಣೆಕಟ್ಟು ಮುಗಿದದ್ದು 1953ರಲ್ಲಿ, ಕೃಷ್ಣದೇವರಾಯನು ಸೋನಾ ಮಸೂರಿಯ ಗದ್ದೆಯಲ್ಲಿ ಕುದುರೆ ಓಡಿಸಲಿಲ್ಲ ಎಂದೆ. (ಕಾಲುವೆಯ ಕೊನೆಯ ಭಾಗದ ರೈತರಿಗೆ ಈ ಹಸಿರೂ ಎಲ್ಲ ವರ್ಷ ದಕ್ಕುವುದಿಲ್ಲವೆಂಬುದು ಬೇರೆ ಮಾತು.) ಆಗ ಇದ್ದದ್ದು ಎರೆಹೊಲ, ಜೋಳ, ಹತ್ತಿ, ಅಲ್ಲಲ್ಲಿ ಬಾವಿ. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟು ಕಲ್ಲಾಗುತ್ತದೆ, ಬಂಡಿ ಓಡುತ್ತದೆ. ಮಳೆ ಬಿದ್ದರೆ ಅದೇ ಎರೆ ಗಾಲಿಯನ್ನು ಗುಂಬದ ತನಕ ನುಂಗುತ್ತದೆ. ಮಳೆಯಿಲ್ಲದಾಗ ನೀರಿಲ್ಲ, ಮಳೆ ಬಂದರೆ ದಾರಿಯಿಲ್ಲ, ಹೊಳೆ ದಾಟುವಂತಿಲ್ಲ. ಮುತ್ತಿಗೆ ಹಾಕಿದವನು ಈ ಎರಡರ ನಡುವಿನ ಕೆಲವೇ ವಾರಗಳಲ್ಲಿ ಕೆಲಸ ಮುಗಿಸಬೇಕು.

"ನಿನ್ನ ಆಟ ಇದೇ ಆಗ್ಲಿ. ಒಂದು ಊರು, ಒಂದು ಬ್ಯಾಸಿಗಿ," ಎಂದೆ.

"ನೀರು ಹೊರೋ ಆಟ ಯಾರ್ ಆಡ್ತಾರ ಮಾಮಾ?"

ಅವನ ಪ್ರಶ್ನೆ ನ್ಯಾಯವಾದದ್ದೇ. ನಿಜವಾದ ಸಂಗತಿಯೆಲ್ಲ ಆಡಲು ಚೆನ್ನಾಗಿರುತ್ತದೆಂಬ ನಿಯಮವಿಲ್ಲ. ಆದರೆ ಅವನೇ ನೆನಪು ಮಾಡಿಕೊಂಡು ಒಂದು ಉದಾಹರಣೆ ಕೊಟ್ಟನು. ಕ್ರೊಯೇಷಿಯದ ಬೆರಳೆಣಿಕೆಯ ಜನ 2011ರಲ್ಲಿ 'ಯೂನಿಟಿ ಆಫ್ ಕಮಾಂಡ್' ಎಂಬ ಆಟ ಮಾಡಿದರಂತೆ. ಸ್ಟಾಲಿನ್‌ಗ್ರಾಡಿನ ಕಾಳಗ, ಆಟದ ಜೀವವೆಲ್ಲ ದಂಡಿಗೆ ಸಾಮಗ್ರಿ ಮುಟ್ಟಿಸುವ ರೈಲುದಾರಿಯಲ್ಲಿದೆ. ಶತ್ರುವನ್ನು ಕೊಲ್ಲುವುದಕ್ಕಿಂತ ಅವನ ಬೆನ್ನ ಹಿಂದಿನ ದಾರಿಯನ್ನು ಕತ್ತರಿಸುವುದೇ ಜಾಣತನ. ಜನ ಅದನ್ನು ಮೆಚ್ಚಿ ಆಡಿದರು. ನಮ್ಮ ಆಡು-ಹುಲಿಯನ್ನೇ ನೋಡಿ. ಗುಡಿಯ ಜಗಲಿಯ ಮೇಲೆ ನಾಲ್ಕು ಗೆರೆ. ಒಬ್ಬನಿಗೆ ಕೆಲವೇ ಹುಲಿ, ಇನ್ನೊಬ್ಬನಿಗೆ ಆಡಿನ ಹಿಂಡು. ಹುಲಿ ಜಿಗಿದು ತಿನ್ನುತ್ತದೆ, ಆಡು ಸುತ್ತುಗಟ್ಟಿ ಉಸಿರು ಕಟ್ಟಿಸುತ್ತದೆ. ಇಬ್ಬರ ಬಲವೂ ಬೇರೆ, ಗೆಲ್ಲುವ ಬಗೆಯೂ ಬೇರೆ. ಮುತ್ತಿಗೆಯೂ ಹಾಗೆಯೇ ಅಲ್ಲವೆ?

ಮನೆಗೆ ಬಂದವರೇ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೋಆಬನ್ನು ಬರೆದೆವು. ಹುಣಸೆಬೀಜ ಕಾಲಾಳು, ಕವಡೆ ಕುದುರೆ, ಪುಟಾಣಿ ನೀರು. ಸೋದರಳಿಯನು ರಾಯನಾದನು. ಆದಿಲಶಾಹನಾಗಲು ನನ್ನ ಹೆಂಡತಿಯನ್ನು ಒಪ್ಪಿಸಿದೆವು. ಅವಳು ಕೃಷ್ಣೆಯ ಆಚೆ ದಡದಲ್ಲಿ ಕವಡೆಗಳನ್ನು ಗುಡ್ಡೆಹಾಕಿ ಕೈಕಟ್ಟಿ ಕುಳಿತಳು. "ಅತ್ತಿ, ನಡಸ್ರಿ," ಎಂದು ಇವನು ಅವಸರಿಸಿದರೆ, "ಮಳಿ ಬರೂತನಕ ನಾ ಏನೂ ಮಾಡಂಗಿಲ್ಲಪ್ಪ," ಎಂದಳು. ಇವನ ಪುಟಾಣಿ ಮುಗಿಯಿತು; ಮಳೆ ಬಂದು ತೋಪಿನ ಬಂಡಿಗಳು ಹುಗಿದವು. ಒಂದು ಹುಣಸೆಬೀಜವನ್ನೂ ಕಳೆದುಕೊಳ್ಳದೆ ಅವಳು ಗೆದ್ದಳು.

ಹಾಗಾದರೆ ಇಸ್ಮಾಯಿಲ್ ಆದಿಲಶಾಹನು ಹೊಳೆ ದಾಟಿದ್ದೇಕೆ? ಆ ರಾತ್ರಿ ನಾವು ಊಟ ಮಾಡಿದ್ದು ಈ ಪ್ರಶ್ನೆಯೊಡನೆ. ವಿಜಾಪುರದಲ್ಲಿ ಕುಳಿತು ಬರೆದ ಫಿರಿಸ್ತಾ, ಸುಲ್ತಾನನು ಮದ್ಯದ ಅಮಲಿನಲ್ಲಿ ಆನೆಯೇರಿ ಸಣ್ಣ ತುಕಡಿಯೊಡನೆ ದುಡುಕಿ ದಾಟಿದನೆನ್ನುತ್ತಾನೆ. ಸೋತ ಅರಮನೆಗೆ ಅದೊಂದು ಅನುಕೂಲವಾದ ಸಮಾಧಾನ. ನೂನಿಜನು ತೋರಿಸುವುದು ದೊಡ್ಡ ದಂಡನ್ನು, ಲೆಕ್ಕ ಹಾಕಿ ಬಂದ ಶತ್ರುವನ್ನು. ನನ್ನ ಅಭಿಪ್ರಾಯದಲ್ಲಿ ಉತ್ತರವಿರುವುದು ಕೋಟೆಯೊಳಗೆ. ಅಲ್ಲಿ 8,000 ಜನರಿದ್ದರು, 400 ಕುದುರೆ, 20 ಆನೆ, ಕಲ್ಲೆಸೆಯುವ 30 ಯಂತ್ರ, 200 ದೊಡ್ಡ ತೋಪು. ಹೊರಗೆ ರಾಯನ ಸಿಪಾಯಿಗಳು ಹಾರೆ ಗುದ್ದಲಿ ಹಿಡಿದು ಗೋಡೆ ಕೀಳುತ್ತಿದ್ದರು. ಕಿತ್ತು ತಂದ ಕಲ್ಲಿಗೆ ಗಾತ್ರ ನೋಡಿ ಇಷ್ಟು 'ಹಣ'ವೆಂದು ನಾಯಕರು ಎಣಿಸಿ ಕೊಡುತ್ತಿದ್ದರು. ಹೀಗೆ ಕಲ್ಲು ಕಲ್ಲಾಗಿ ಕೋಟೆ ಮಾರಾಟವಾಗುತ್ತಿರುವಾಗ ಆಚೆ ದಡದಲ್ಲಿ ಕೈಕಟ್ಟಿ ಕುಳಿತ ಸುಲ್ತಾನನನ್ನು ಅವನ ಅಮೀರರು ಎಷ್ಟು ದಿನ ಸುಲ್ತಾನನೆಂದಾರು? ನನ್ನ ಹೆಂಡತಿಗೆ ಅಮೀರರಿರಲಿಲ್ಲ. ಅದರಿಂದ ಅವಳು ಗೆದ್ದಳು.

ಸೋದರಳಿಯನು ತಟ್ಟನೆ, "ಕೋಟಿಯಿಂದ ಕಾಗದ ಬರ್ಬೇಕು ಮಾಮಾ!" ಎಂದನು. ವಾರಕ್ಕೊಂದರಂತೆ ಕಿಲ್ಲೇದಾರನ ಕಾಗದ. ಇಷ್ಟು ಜೋಳ ಉಳಿದಿದೆ, ಇಂಥ ಬುರುಜು ಸಡಿಲವಾಗಿದೆ, ಇಂಥ ಅಮೀರನು ಹೀಗೆ ಆಡಿಕೊಳ್ಳುತ್ತಾನೆ. ಆನೆಯ ಸುಕ್ಕು ಬಿಡಿಸುವುದಕ್ಕೆ ಲಕ್ಷಗಟ್ಟಲೆ ಬೇಕು. ಕಾಗದ ಬರೆಯುವುದಕ್ಕೆ ಒಳ್ಳೆಯ ಕನ್ನಡ ಬಲ್ಲ ಒಬ್ಬನು ಸಾಕು. ಸಣ್ಣ ಅಂಗಡಿಯವರು ದೊಡ್ಡವರನ್ನು ಮೀರಿಸಬಹುದಾದ ಜಾಗ ಇದೇ ಎಂದು ನನಗೂ ಆಗ ಹೊಳೆಯಿತು. ಫಿರಿಸ್ತಾ ಒಂದು ಹೇಳಲಿ, ನೂನಿಜ್ ಒಂದು ಹೇಳಲಿ. ಇಬ್ಬರ ವರದಿಗಳೂ ಆಟಗಾರನ ಮುಂದೆ ಬರಲಿ, ಯಾವುದನ್ನು ನಂಬುವನೋ ಅವನೇ ನೋಡಿಕೊಳ್ಳಲಿ.

ಯುದ್ಧದ ಮುಕ್ತಾಯವಂತೂ ಯಾವ ಕಥೆಗಾರನೂ ಕಟ್ಟದಂಥದು. ಆದಿಲಶಾಹನ ತೋಪುಗಳೆಲ್ಲ ಒಮ್ಮೆಲೇ ಸಿಡಿದು ರಾಯನ ಮುಂಚೂಣಿ ಚದರಿತು. ಮತ್ತೆ ಮದ್ದು ತುಂಬುವುದರೊಳಗೆ ರಾಯನು ಎರಡನೆಯ ಸಾಲನ್ನು ನುಗ್ಗಿಸಿದನು. ಓಡಿದವರನ್ನು ಕೃಷ್ಣೆಯವರೆಗೆ ಅಟ್ಟಿದರು. ಸಿಕ್ಕ ಸೂರೆಯಲ್ಲಿ 4,000 ಕುದುರೆ, 100 ಆನೆ, 400 ದೊಡ್ಡ ತೋಪು, 900 ತೋಪಿನ ಬಂಡಿ. ಇಷ್ಟೊಂದು ತೋಪುಗಳಿದ್ದವನು ಸೋತನು! ಆಮೇಲೆ ಕೋಟೆ ಬಿದ್ದದ್ದಾದರೂ ಹೇಗೆ? ಕ್ರಿಸ್ತೊವಾಂವ್ ದ ಫಿಗೆರೆದೊ ಎಂಬವನು ಇಪ್ಪತ್ತು ಕೋವಿಗಾರರೊಡನೆ ಬಂದು ಗೋಡೆಯ ಮೇಲಿನವರನ್ನು ಗುರಿಯಿಟ್ಟು ಹೊಡೆದನು. ಬಗ್ಗಿ ನೋಡಿದ ಕೋಟೆಯ ನಾಯಕನ ಹಣೆಗೇ ಗುಂಡು ತಗುಲಿತು. ಅಮೆರಿಕದ ರಿಚರ್ಡ್ ಈಟನ್ನರು 2009ರಲ್ಲಿ ಈ ಕಾಳಗದ ಕೋವಿ ತೋಪುಗಳ ಬಗ್ಗೆಯೇ ಉದ್ದನೆಯ ಪ್ರಬಂಧ ಬರೆದಿದ್ದಾರೆ. ಇದನ್ನು ಎರಡು ಧರ್ಮಗಳ ಕಾದಾಟವೆಂದು ಆಟ ಮಾಡಿ ಮಾರುವವರಿಗೆ ಗಿರಾಕಿಗಳು ಸಿಕ್ಕಾರು. ಆದರೆ ಪೋರ್ಚುಗೀಸರು ಎರಡೂ ಕಡೆ ಇದ್ದರು, ವಿಜಯನಗರದ ದಂಡಿನಲ್ಲಿ ಮುಸಲ್ಮಾನ ಸಿಪಾಯಿಗಳು ಎರಡನೆಯ ದೇವರಾಯನ ಕಾಲದಿಂದಲೂ ಇದ್ದರು. ಇದನ್ನು ಸೋದರಳಿಯನಿಗೆ ಎರಡು ಸಲ ಹೇಳಿ ಕಳಿಸಿದೆ.

ಅವರ ಆಟ ಈಗ ಒಂದು ಊರು, ಒಂದು ಬೇಸಿಗೆಗೆ ಇಳಿದಿದೆ. ಒಂಬತ್ತು ತಿಂಗಳಲ್ಲಿ ಐದು ಉಳಿದಿವೆ. ಮೊನ್ನೆ ರಾತ್ರಿ ಹತ್ತಕ್ಕೆ ಅವನ ಫೋನು. ಮೇ ತಿಂಗಳಲ್ಲಿ ಎತ್ತು ದಿನಕ್ಕೆ ಎಷ್ಟು ಕೊಡ ನೀರು ಕುಡಿಯುತ್ತದೆ, ಇಂಟರ್ನೆಟ್ಟಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಕೇಳಿ ಹೇಳಿ ಮಾಮಾ ಎಂದನು. ಬೆಳಗಾಗುತ್ತಲೇ ಮಾನವಿಯಲ್ಲಿರುವ ಹಳೆಯ ಪರಿಚಯದ ರೈತರೊಬ್ಬರಿಗೆ ಫೋನು ಮಾಡಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಕಟ್ಟಿದ ಎತ್ತೋ, ಬಂಡಿ ಎಳಿಯೋ ಎತ್ತೋ ಮಾಸ್ತರ್ರೆ?" ಎಂದು ಕೇಳಿದರು.