ಮಾತಿಲ್ಲದ ನೋವು, ತಾಯಿಯ ಸಾಕ್ಷ್ಯ: ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳಲ್ಲಿ ನೋವಿನ ಮಾಪನ

ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾದ, ಮಾತು ಬಾರದ ಮಗು ಮರುದಿನ ಅಳದೆ ಮಲಗಿದ್ದರೆ ‘ಆರಾಮಾಗಿದೆ’ ಎಂದು ಬರೆದುಬಿಡುವುದು ಸುಲಭ. ‘ನೋವಿದ್ದಾಗಲೇ ಇವನು ಹೀಗೆ ಸುಮ್ಮನಾಗೋದು’ ಎಂದು ತಾಯಿ ಹೇಳಿದರೆ ಅದನ್ನು ಯಾವ ಕಾಲಮ್ಮಿಗೆ ಸೇರಿಸಬೇಕು? ಆ ಮಾತಿಗೆ ಜಾಗವಿಲ್ಲದ ಮಾಪನ ಅರೆಮಾಪನ ಎಂಬುದು ಈ ಲೇಖನದ ವಾದ.

ನೋವಿಗೆ ಅನುಭವಿಸುವವರ ಹೇಳಿಕೆಯೇ ಮೊದಲ ಪ್ರಮಾಣ. ಮುಖಚಿತ್ರ ತೋರಿಸಿ ಕೇಳುವುದಕ್ಕೂ ಹತ್ತಕ್ಕೆ ಎಷ್ಟೆಂದು ಕೇಳುವುದಕ್ಕೂ ಇದೇ ತಳಹದಿ. ತೀವ್ರ ನ್ಯೂನತೆಯ ಮಗುವಿಗೆ ಎರಡೂ ನಿಲುಕವು. ಹೇಳಲಾಗದ ಮಾತ್ರಕ್ಕೆ ನೋವಿಲ್ಲವೆಂದು ತಿಳಿಯಬಾರದೆಂದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘದ 2020ರ ವ್ಯಾಖ್ಯೆಯ ಟಿಪ್ಪಣಿಯೂ ಎಚ್ಚರಿಸುತ್ತದೆ. ಉಳಿಯುವ ದಾರಿ ವರ್ತನೆಯನ್ನು ಓದುವುದು.

ಕೆನಡಾದ ಲಿನ್ ಬ್ರೋ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಮಾತು ಬಾರದ ಮಕ್ಕಳ ನೋವಿನ ಪರಿಷ್ಕೃತ ತಪಾಸಣಾ ಪಟ್ಟಿಯಲ್ಲಿ 30 ಲಕ್ಷಣಗಳಿವೆ. ಎರಡು ಗಂಟೆ ಗಮನಿಸಿ, ಪ್ರತಿಯೊಂದಕ್ಕೂ 0ರಿಂದ 3ರವರೆಗೆ ಅಂಕ. ಮೊತ್ತ 7 ಅಥವಾ ಅದಕ್ಕಿಂತ ಹೆಚ್ಚಾದರೆ ನೋವಿದೆಯೆಂದೇ ಎಣಿಕೆ. ಅಳು, ಮುಖಭಾವಗಳ ಜೊತೆಗೆ ಊಟ ಬಿಡುವುದು, ಹೆಚ್ಚು ನಿದ್ದೆ, ಅಲುಗಾಡದೆ ಸುಮ್ಮನಿರುವುದು ಕೂಡ ಅಲ್ಲಿವೆ. ಮೇಲಿನ ತಾಯಿಗೆ ಇದು ಆಧಾರ. ಶಸ್ತ್ರಚಿಕಿತ್ಸೆಯ ನಂತರಕ್ಕೆಂದು ಮಾಡಿದ 27 ಅಂಶಗಳ ರೂಪದಲ್ಲಿ ಊಟ–ನಿದ್ದೆಯ ಗುಂಪಿಲ್ಲ. ಆಗ ಅವೆರಡೂ ಹೇಗೂ ಕೆಟ್ಟಿರುತ್ತವೆ.

ನನ್ನ ದೃಷ್ಟಿಯಲ್ಲಿ ಇನ್ನೂ ಮುಖ್ಯವಾದ ಹೆಜ್ಜೆ 2006ರದು. ಶೋಭಾ ಮಲ್ವಿಯ ಮತ್ತು ಮಿಷಿಗನ್‌ನ ಸಹೋದ್ಯೋಗಿಗಳು ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನ ಎಂಬ ಐದಂಶದ ಫ್ಲಾಕ್ ಮಾಪಕವನ್ನು ಪರಿಷ್ಕರಿಸಿ, ಆಯಾ ಮಗುವಿನದೇ ಆದ ಚಹರೆಗಳನ್ನು ಹೆತ್ತವರಿಂದ ಕೇಳಿ ಸೇರಿಸಲು ಅವಕಾಶ ಕೊಟ್ಟರು. ಅಂಕ ಹಾಕುವವರು ನರ್ಸ್. ಯಾವುದಕ್ಕೆ ಹಾಕಬೇಕೆಂದು ತಿಳಿಸುವವರು ಹೆತ್ತವರು.

ಇಂಥ ಪಟ್ಟಿಗಳನ್ನು ಕನ್ನಡಿಸುವಾಗ ತೊಡಕು ಕ್ರಿಯಾಪದಗಳಲ್ಲಿದೆ. ನರಳು, ಮುಲುಗು, ಬಿಕ್ಕು, ಚೀರು: ಒಂದೊಂದರ ದನಿಯೂ ಬೇರೆ. ಎಲ್ಲವನ್ನೂ ‘ರೋದನ’ ಎಂಬ ಒಂದೇ ಶಬ್ದಕ್ಕೆ ತುರುಕಿದರೆ (ನಮ್ಮ ವೈದ್ಯಕೀಯ ಅನುವಾದಗಳಿಗೆ ಈ ಚಾಳಿ ಉಂಟು) ಪಟ್ಟಿಯ ಸೂಕ್ಷ್ಮತೆಯೇ ಸತ್ತಂತೆ. ‘ಸೆಟೆದುಕೊಳ್ತಾನೆ’, ‘ಮುಟ್ಟಿದ್ರೆ ಕೊಸರ್ತಾಳೆ’ ಎಂದು ಮನೆಯವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಬೇಕು.

ಮಗುವನ್ನು ವಾರ್ಡಿಗೆ ಸೇರಿಸಿಕೊಳ್ಳುವ ದಿನವೇ, ನೋವು ಶುರುವಾಗುವ ಮುಂಚೆ, ಮನೆಯವರ ಈ ಮಾತುಗಳು ಚಾರ್ಟಿನ ತಲೆಯಲ್ಲಿರಲಿ.